ನೇರಳೆ ಗೀಟು

ಮಾರ್ಚ್ 3, ಮಂಗಳವಾರ

ಇವತ್ತೂ ಹಲ್ಲು ಉಜ್ಜಿದ್ದೇ ಕೆಲಸ. ನನ್ನದಲ್ಲ, ಊರವರದು. ಡೆಂಟಲ್ ಲ್ಯಾಬಿನಲ್ಲಿ ನಾಲ್ಕು ಹಲ್ಲಿನ ಸೆಟ್ ಪಾಲಿಶ್ ಮಾಡಿ ಕಳಿಸಿದೆ. ಒಂದು ವಾಪಸ್ ಬಂತು. ಬಾಯಿಗೆ ಕೂರುತ್ತಿಲ್ಲವಂತೆ. ಬಾಯಿಯೇ ಸೊಟ್ಟಗಿದ್ದರೆ ಸೆಟ್ ಏನು ಮಾಡೀತು...

ಸಂಜೆ ಮೆಕ್ಯಾನಿಕ್ ಬಂದಿದ್ದ. ಶೆಡ್ಡಿನಲ್ಲಿ ನಿಂತಿರುವ ಅಣ್ಣನ ಕಾರಿನ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದ. ಎಂಜಿನ್ ಬ್ಲಾಕೇ ಸೀಳಿಹೋಗಿದೆ.

"ಇದನ್ನ ರಿಪೇರಿ ಮಾಡೋ ದುಡ್ಡಲ್ಲಿ ಒಂದು ಸ್ಕೂಟರ್ ಬರುತ್ತೆ ಮೇಡಂ. ಬೇರೆ ಎಂಜಿನ್ ಹುಡುಕೋಣ. ಸೆಕೆಂಡ್ ಹ್ಯಾಂಡು."

ಅಮ್ಮ ಕಿಟಕಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಒಂಬತ್ತು ವರ್ಷ ಆ ಶೆಡ್ಡಿನ ಕಡೆ ತಿರುಗಿಯೂ ನೋಡದವಳು. ಭಾನುವಾರದಿಂದ ಒಂದೇ ಹಟ. "ಒಂದ್ಸಲ ಅದರಲ್ಲಿ ಕೂತು ಒಂದು ಸುತ್ತು ಹೋಗ್ಬರ್ತೀನಿ. ಆಮೇಲೆ ಕಾರು ಮಾರ್ಕೋ. ಆಪರೇಷನ್ನೂ ಮಾಡಿಸ್ಕೋತೀನಿ."

ಹೃದಯದ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದಾಗಿನಿಂದ ಬೇಡವೇ ಬೇಡ ಎನ್ನುತ್ತಿದ್ದವಳ ಬಾಯಲ್ಲಿ ಈ ಮಾತು. ಬಿಡುತ್ತೇನೆಯೇ? ಎಂಜಿನ್ ಹಾಕಿಸಬೇಕು, ಒಂದು ಸುತ್ತು ಹೊಡೆಸಬೇಕು, ಮಾರಬೇಕು, ಆ ದುಡ್ಡಲ್ಲಿ ಅಮ್ಮನನ್ನು ಉಳಿಸಿಕೊಳ್ಳಬೇಕು. ಬೇರೇನೂ ಬೇಡ ನನಗೆ.

ಮಾರ್ಚ್ 7, ಶನಿವಾರ

ಮೆಕ್ಯಾನಿಕ್ ಅಗ್ಗದ ದಾರಿ ಹುಡುಕಿದ್ದಾನೆ. ಒಂದು ವ್ಯಾನಿನ ಎಂಜಿನ್ ಇದೆಯಂತೆ. ಸ್ವಲ್ಪ ವೆಲ್ಡಿಂಗ್ ಮಾಡಿದರೆ ಕೂರುತ್ತದೆ. ನಾನು ಹೂಂ ಅಂದುಬಿಟ್ಟಿದ್ದೆ. ಅಮ್ಮ ಅಡ್ಡ ಬಂದಳು.

"ವ್ಯಾನಿಂದಾ? ಸದ್ದು ಬೇರೆ ಇರುತ್ತಲ್ಲೇ. ಅವನಿಗೆ ಗೊತ್ತಾಗೋದು ಹೇಗೆ?"

ಅವನು ಅಂದರೆ ಅಣ್ಣ. ನಾನು ತಟ್ಟೆ ತೊಳೆಯಲು ಹೋದೆ.

ಅವನು ಒಂದೇ ಮಾಡೆಲ್ಲಿನ ಎರಡು ಹಳೇ ಸ್ಪೋರ್ಟ್ಸ್ ಕಾರು ತಂದಾಗಲೇ ಬೈದಿದ್ದೆ. ಒಂದು ಓಡಿಸೋಕೆ, ಒಂದು ಪಾರ್ಟ್ಸಿಗೆ ಅಂದಿದ್ದ. ಎರಡೂ ಕೆಂಪು. ಎರಡರಲ್ಲೂ ಎರಡೆರಡೇ ಸೀಟು. ಮನೆಯಲ್ಲಿ ಮೂರು ಜನ ಇದ್ದೀವಿ ಕಣೋ ಅಂದರೆ, "ಸರದಿ ಪ್ರಕಾರ ಕರ್ಕೊಂಡು ಹೋಗ್ತೀನಿ ಮೊಂಡಿ" ಎಂದು ನಕ್ಕಿದ್ದ. ಆಮೇಲೆ ಒಂದು ದಿನ, ಒಂಬತ್ತು ವರ್ಷದ ಹಿಂದೆ, ಓಡುವ ಕಾರು ತೆಗೆದುಕೊಂಡು ಹೋದ. ಅವನೂ ಬರಲಿಲ್ಲ, ಕಾರೂ ಸಿಗಲಿಲ್ಲ. ಪೊಲೀಸರು ಹುಡುಕಿ ಹುಡುಕಿ ಕೈಚೆಲ್ಲಿದರು. ಪಾರ್ಟ್ಸಿನ ಕಾರು ಉಳಿಯಿತು, ನಾವು ಉಳಿದೆವು.

ಮಾರ್ಚ್ 15, ಭಾನುವಾರ

ಸಿಕ್ಕಿತು. ಗುಜರಿ ಅಂಗಡಿ, ಬಸ್ ಡಿಪೋ ಹಿಂದೆ. ಅದೇ ಮಾಡೆಲ್ಲಿನ ಎಂಜಿನ್, ಟಾರ್ಪಾಲಿನ್ ಕೆಳಗೆ. ವ್ಯಾನಿನದಕ್ಕಿಂತಲೂ ಕಡಿಮೆ ಬೆಲೆ.

"ಇದು ನಿಮಗೇ ಅಂತ ಇಟ್ಟಿರೋದು," ಅಂದ ಗುಜರಿಯವನು. ಬಂದವರಿಗೆಲ್ಲ ಹಾಗೇ ಹೇಳುತ್ತಾನೆ ಎಂದುಕೊಂಡೆ.

ಮೆಕ್ಯಾನಿಕ್‌ಗೆ ನಂಬಿಕೆಯೇ ಬರಲಿಲ್ಲ. ಸ್ಕ್ರೂಡ್ರೈವರ್ ತುದಿ ಎಂಜಿನ್‌ಗೆ, ಹಿಡಿ ಕಿವಿಗೆ ಒತ್ತಿಕೊಂಡು ತಿರುಗಿಸಿ ತಿರುಗಿಸಿ ಕೇಳಿದ. "ಇಷ್ಟು ಅಗ್ಗಕ್ಕೆ ಕೊಡ್ತಾನೆ ಅಂದ್ರೆ ಎಲ್ಲೋ ಮೋಸ ಇರ್ಬೇಕು. ಆದ್ರೆ ಸಿಗ್ತಾ ಇಲ್ಲ."

ಟೆಂಪೋದಲ್ಲಿ ತಂದೆವು. ಇಳಿಸುವಾಗ ಅಮ್ಮ ಬಂದು ಅದರ ಮೇಲೆ ಕೈಯಿಟ್ಟಳು. ಜ್ವರ ನೋಡುವಾಗ ನಮ್ಮ ಹಣೆ ಮುಟ್ಟುತ್ತಿದ್ದ ಹಾಗೆ.

ಮಾರ್ಚ್ 21, ಶನಿವಾರ

ಕೈಯ ಸೀಮೆಎಣ್ಣೆ ವಾಸನೆ ಇನ್ನೂ ಹೋಗಿಲ್ಲ. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಸೀಮೆಎಣ್ಣೆ ಹಾಕಿ ಎಂಜಿನ್ ತೊಳೆಯುತ್ತಿದ್ದೆವು. ಜಿಡ್ಡು ಹೋದ ಮೇಲೆ ಒಂದು ಬೋಲ್ಟಿನ ತಲೆ ಮೇಲೆ ನೇರಳೆ ಗೀಟು. ಪಕ್ಕದ್ದರ ಮೇಲೂ. ಎಲ್ಲದರ ಮೇಲೂ.

ನನ್ನ ನೇಲ್ ಪಾಲಿಶ್. ಗೆಳತಿಯ ಮದುವೆಗೆಂದು ತಂದಿಟ್ಟದ್ದು. ಬಿಗಿ ಮಾಡಿದ ಬೋಲ್ಟಿಗೆಲ್ಲ ಅಣ್ಣ ಗೀಟು ಎಳೆದು ಬಾಟಲಿ ಅರ್ಧ ಮಾಡಿದ್ದ. ಜಗಳವಾಡಿದರೆ ಪಾಠ ಹೇಳಿದ. "ಗೀಟು ಇದೆ ಅಂದ್ರೆ ಕೆಲಸ ಮುಗೀತು, ಹೊರಡಬಹುದು ಅಂತ ಅರ್ಥ. ಗೀಟು ಇಲ್ದೆ ಇದ್ರೆ ಇನ್ನೂ ಟೈಮಿದೆ." ಇದು ಅವನ ಕಾರಿನ ಎಂಜಿನ್. ಅವನ ಜೊತೆ ಹೋದದ್ದು.

ಗುಜರಿಗೆ ಓಡಿದೆ. ಯಾರು ತಂದು ಕೊಟ್ಟರು ಎಂದೆ.

"ತೆಳ್ಳಗಿದ್ದ ಒಬ್ಬ. ಹೋದ ತಿಂಗಳು. ಬೆರಳಿಗೆಲ್ಲ ಬಣ್ಣ ಮೆತ್ಕೊಂಡಿತ್ತು. ತಂಗಿ ಬರ್ತಾಳೆ, ರೇಟ್ ಜಾಸ್ತಿ ಹೇಳ್ಬೇಡಿ ಅಂದ."

ಹೋದ ತಿಂಗಳು ಎಂಜಿನ್ ಎಂಬ ಮಾತೇ ನಮ್ಮ ಮನೆಯಲ್ಲಿ ಇರಲಿಲ್ಲ.

ಬದುಕಿದ್ದರೆ ಮನೆಗೆ ಬರಬಾರದೇ? ಸಿಟ್ಟು ಬಂತು, ಅಳು ಬಂತು, ಆಮೇಲೆ ಬರೀ ಭಯ. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಗುಜರಿ ಬಾಗಿಲಲ್ಲೇ ಹೋಗಿ ಕೂತುಬಿಡುತ್ತಾಳೆ.

ಏಪ್ರಿಲ್ 4, ಶನಿವಾರ

ನಿನ್ನೆ ಎಂಜಿನ್ ಕೂರಿಸಿ ಆಯಿತು. ಕಾರಿಗೆ ಹಿಡಿಸುವ ಬೋಲ್ಟುಗಳನ್ನು ಮೆಕ್ಯಾನಿಕ್ ನನ್ನೆದುರೇ ಬಿಗಿದ. ಹೊಸ ಬೋಲ್ಟು, ಬೆಳ್ಳಗೆ ಹೊಳೆಯುತ್ತಿದ್ದವು.

ಬೆಳಿಗ್ಗೆ ನೋಡಿದರೆ ಅವುಗಳ ಮೇಲೂ ಗೀಟು.

ಶೆಡ್ಡಿಗೆ ಬೀಗ. ಕೀ ನನ್ನ ಬ್ಯಾಗಿನಲ್ಲಿ. ಅಮ್ಮನ ಕೆಲಸವಿರಬೇಕು ಎಂದುಕೊಂಡು ಅವಳು ಟೀ ಕುಡಿಯುವುದನ್ನು ನೋಡುತ್ತಾ ಕೂತೆ. ಅರ್ಧ ಟೀ ಸಾಸರಿಗೆ ಚೆಲ್ಲಿಕೊಂಡಳು. ಆ ಕೈ ಅಷ್ಟು ನೆಟ್ಟಗೆ ಗೀಟು ಎಳೆಯಲಾರದು. ಹಳೇ ಬಾಟಲಿ ಡ್ರಾಯರಿನಲ್ಲೇ ಇದೆ. ಒಳಗೆ ಒಣಗಿ ಕಲ್ಲಾಗಿದೆ.

ಏಪ್ರಿಲ್ 5, ಭಾನುವಾರ

ಸ್ಟಾರ್ಟ್ ಆಯಿತು. ಮೊದಲನೇ ಸಲಕ್ಕೇ. ಅದೇ ಸದ್ದು, ಮಧ್ಯೆ ಒಮ್ಮೆ ಗಂಟಲು ಸರಿಮಾಡಿಕೊಂಡ ಹಾಗೆ. ಮೆಕ್ಯಾನಿಕ್ ಖುಷಿಯಾಗಿ ಹೋದ.

ಅಮ್ಮ ಒಳ್ಳೆ ಸೀರೆ ಉಟ್ಟು, ನಾನು ಮಾಡಿಕೊಟ್ಟ ಹಲ್ಲಿನ ಸೆಟ್ ಹಾಕಿಕೊಂಡು ಬಂದಳು. ವರ್ಷದಿಂದ ಡಬ್ಬಿಯಲ್ಲೇ ಇದ್ದ ಸೆಟ್. "ಅವನ ಮುಂದೆ ಬೊಚ್ಚು ಬಾಯಲ್ಲಿ ಹೋಗ್ಲಾ?"

"ಓಡಿಸೋದು ನಾನಮ್ಮ."

"ಎರಡೇ ಸೀಟಲ್ವೇನೇ," ಅಂದಳು, ನನ್ನ ಕೆನ್ನೆ ತಟ್ಟಿ. ಆಗ ಕಂಡಿತು. ಅವಳ ಎಡ ಹೆಬ್ಬೆರಳಿನ ಉಗುರಿನ ಮೇಲೆ ನೇರಳೆ ಗೀಟು.

"ಬೆಳಗಿನ ಜಾವ ಬೆರಳು ತಣ್ಣಗಾಯ್ತು ಕಣೇ. ಎದ್ದು ನೋಡಿದ್ರೆ ಹೀಗಿತ್ತು. ಚೆನ್ನಾಗಿಲ್ವಾ?"

ಹತ್ತಿಗೆ ರಿಮೂವರ್ ಹಾಕಿ ಅವಳ ಉಗುರು ತಿಕ್ಕಿ ತಿಕ್ಕಿ ಒರೆಸಿದೆ. ಸುತ್ತಾಟ ಇಲ್ಲ, ಏನೂ ಇಲ್ಲ ಎಂದೆ. ಬ್ಯಾಟರಿಯನ್ನೇ ಬಿಚ್ಚಿ ತಂದು ನನ್ನ ಮಂಚದ ಕೆಳಗಿಟ್ಟೆ. ನಾಳೆ ಆಸ್ಪತ್ರೆಗೆ ಫೋನ್ ಮಾಡುತ್ತೇನೆ.

ಅಮ್ಮ ಬೈಯಲಿಲ್ಲ. ಸೀರೆಯನ್ನೂ ಬದಲಾಯಿಸಲಿಲ್ಲ.

ಏಪ್ರಿಲ್ 9, ಗುರುವಾರ

ಅಮ್ಮ ಹೋದಳು.

ಸೋಮವಾರ ಬೆಳಿಗ್ಗೆ. ಹಾಸಿಗೆಯಲ್ಲಿ ಇರಲಿಲ್ಲ. ಶೆಡ್ಡಿನ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದೆ. ಕಾರಿನ ಎಡ ಸೀಟಿನಲ್ಲಿ ಕೂತಿದ್ದಳು, ಬೆಲ್ಟ್ ಹಾಕಿಕೊಂಡು. ಕೂದಲು ಗಾಳಿಗೆ ಕೆದರಿತ್ತು. ಹಲ್ಲು ಕಾಣುವ ಹಾಗೆ ನಗು.

ಉಗುರಿನ ಮೇಲೆ ಗೀಟು.

ಬ್ಯಾಟರಿ ನನ್ನ ಮಂಚದ ಕೆಳಗೇ ಇದೆ. ಬಾನೆಟ್ ಮೇಲೆ ಕೈಯಿಟ್ಟೆ. ಸುಟ್ಟಿತು. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಪೆನ್ನು ಹಿಡಿಯುವುದು ಕಷ್ಟ.

ಏಪ್ರಿಲ್ 26, ಭಾನುವಾರ

ನೆಂಟರೆಲ್ಲ ಹೋದರು. ಹೃದಯ ನಿಂತಿತು, ನೋವಿಲ್ಲದ ಸಾವು, ಪುಣ್ಯವಂತೆ ಅಂದರು. ನಾನು ಹೂಂ ಅಂದೆ. ಮನೆಯಲ್ಲಿ ಒಂದೇ ಲೋಟ ತೊಳೆಯುವುದು ಎಷ್ಟು ಬೇಗ ಮುಗಿಯುತ್ತದೆ.

ಅವಳನ್ನು ಕರೆದುಕೊಂಡು ಹೋಗು ಅಂತ ನಿನಗೆ ಯಾರು ಹೇಳಿದರು ಅಣ್ಣ? ಆಪರೇಷನ್ ಆಗಿದ್ದರೆ ಇನ್ನೂ ಹತ್ತು ವರ್ಷ ನನ್ನ ಜೊತೆ ಇರುತ್ತಿದ್ದಳು. ಅಗ್ಗಕ್ಕೆ ಸಿಕ್ಕಿತೆಂದು ನಾನೇ ಹೊತ್ತು ತಂದೆನಲ್ಲ. ಆ ವ್ಯಾನಿನ ಎಂಜಿನ್ ಹಾಕಿಸಿದ್ದರೆ ಸಾಕಿತ್ತು.

ನಾಳೆ ಕಾರು ಕೊಳ್ಳುವವರು ಬರುತ್ತಾರೆ. ಟ್ರಕ್ಕಿನಲ್ಲಿ ಎತ್ತಿಕೊಂಡು ಹೋಗಲಿ.

ಸಂಜೆ 5

ಶೆಡ್ಡಿನಿಂದ ಸದ್ದು. ಗೊತ್ತು ನನಗೆ ಆ ಸದ್ದು. ಮಧ್ಯೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುವುದು.

ಹೋಗುವುದಿಲ್ಲ. ಬಾಗಿಲು ಹಾಕಿದ್ದೇನೆ, ಕಿಟಕಿ ಹಾಕಿದ್ದೇನೆ. ಬೆಳಿಗ್ಗೆಯಿಂದ ಹತ್ತು ಸಲ ಉಗುರು ನೋಡಿಕೊಂಡಿದ್ದೇನೆ. ಏನೂ ಇಲ್ಲ. ಇನ್ನೂ ಟೈಮಿದೆ ಅಂತ ಅರ್ಥ. ಅವನೇ ಹೇಳಿದ್ದು.

ಎರಡೇ ಸೀಟು. ಒಂದು ಅವನದು. ಅಮ್ಮನ ಸರದಿ ಮುಗಿಯಿತು, ಒಂದು ಖಾಲಿ ಇದೆ.

ನೇಲ್ ಪಾಲಿಶ್ ವಾಸನೆ... ಡ್ರಾಯರಿನ ಬಾಟಲಿ ಒಣಗಿದೆ, ನಾನೇ ನೋಡಿದ್ದೇನೆ. ಬಲಗೈ ಬರೆಯುತ್ತಿದೆ. ಎಡಗೈ ಪುಸ್ತಕದ ಅಂಚಿನ ಮೇಲಿದೆ, ಹಾಳೆ ಹಾರದ ಹಾಗೆ. ಆ ಕಡೆ ನೋಡುವುದಿಲ್ಲ. ಬರೆಯುತ್ತಲೇ ಇರುತ್ತೇನೆ. ಹೆಬ್ಬೆರಳು ತಣ್ಣ—