ಈ ಸಲದ ರೊಟ್ಟಿ ಬುಟ್ಟಿ

ಹುಲೆಪ್ಪಾ,

ನೀನು ತೀರಿಕೊಂಡ ಮೇಲೆ ಬನಹಟ್ಟಿಯಲ್ಲಿ ಮತ್ತೆ ಮಗ್ಗಗಳು ನಿಂತಿವೆ. ಮಜೂರಿ ಹೆಚ್ಚಿಸುವವರೆಗೆ ಮಗ್ಗ ಹಚ್ಚಿ ನೇಯುವುದಿಲ್ಲ ಎಂದು ನೇಕಾರರೆಲ್ಲ ಕೂತಿದ್ದೇವೆ. ಹಿಂದಿನ ಮುಷ್ಕರ ಒಂದು ವಾರವೂ ಬಾಳಲಿಲ್ಲ. ಮೊದಲು ಸದ್ದು ಮಾಡಿದ್ದು ನಿನ್ನ ಮಗ್ಗ. ಆಮೇಲೆ ಓಣಿಯವರು ನಿನ್ನ ಜೊತೆ ಮಾತು ಬಿಟ್ಟರು.

ಇಂದು ನಮಗೆ ನೂಲು ಕೊಟ್ಟು ನೇಯಿಸುವ ಸಾವಕಾರ ನಮ್ಮ ಸಂಘದ ಕಟ್ಟೆಗೇ ಬಂದಿದ್ದ. “ನಿಮ್ಮ ಹೆಂಗಸರಿಗೆ ಸರಕಾರ ತಿಂಗಳಾ ರೊಕ್ಕ ಹಾಕತೈತಿ. ಮತ್ಯಾಕ ಹೆಚ್ಚಿನ ಮಜೂರಿ ನಿಮಗ?” ಎಂದ. ಇದೇ ಮಾತಿಗೆ ನಾನು ಹೆದರಿದ್ದೆ. ನಿನ್ನ ಹೆಂಡತಿ ಸಾತವ್ವ ಎದ್ದು ನಿಂತಳು.

“ಆ ರೊಕ್ಕದಾಗ ಜ್ವಾಳಾ ತಂದೇವ್ರಿ ಸಾವಕಾರ್ರ. ಅದಕ್ಕ ಇನ್ನೂ ಸಾಲಾ ಕೇಳಾಕ ನಿಮ್ಮ ಬಾಗಲಿಗೆ ಬಂದಿಲ್ಲ.”

ಅವನು ಬಂದ ದಾರಿ ಹಿಡಿದ. ಇಂಥ ಹಣ ಗಂಡು ಹೆಣ್ಣೆನ್ನದೆ ಎಲ್ಲರಿಗೂ ಬಂದರೆ ಸಂಘ ಎಷ್ಟು ದಿನ ಬೇಕಾದರೂ ಕೂರಬಹುದು ಎಂದು ಎಲ್ಲರೂ ಹಿಗ್ಗಿದರು. ನನಗೆ ಮಾತ್ರ ಸಮಾಧಾನವಿಲ್ಲ. ನಾಳೆ ಅದನ್ನೇ ತೋರಿಸಿ ಮಜೂರಿ ಇಳಿಸಿದರೆ? ಒಂದು ತಿಂಗಳು ಆ ಹಣ ಬಾರದಿದ್ದರೆ?

ಸಂಜೆ ಹೆಂಗಸರು ಕೂಡಿ ರೊಟ್ಟಿ ಬಡಿದರು. ಮನೆಮನೆಗೆ ಹಂಚಲು ಬುಟ್ಟಿಯನ್ನು ನನ್ನ ಕೈಗಿಡುತ್ತ ಸಾತವ್ವ ಅಂದಳು: “ಈ ಸಲ ಯಾರ ಮನೀನೂ ಬಿಡಬ್ಯಾಡ್ರಿ ಅಣ್ಣಾರ. ಮಗ್ಗಾ ಹಚ್ಚತೇನಿ ಅನ್ನಾವರ ಮನಿಗೆ ಮೊದಲ ಹೋಗ್ರಿ.”

ಬುಟ್ಟಿ ಹೊತ್ತು ಹೊರಟೆ, ಹುಲೆಪ್ಪಾ. ಹಿಂದಿನ ಮುಷ್ಕರದಲ್ಲೂ ಬುಟ್ಟಿ ನನ್ನ ಕೈಯಲ್ಲೇ ಇತ್ತು; ನೀನು ಮಗ್ಗ ಹಚ್ಚತೇನಿ ಅಂದೆ ಎಂದು ನಿನ್ನ ಮನೆ ಬಿಟ್ಟು ಮುಂದೆ ಹೋಗಿದ್ದೆ.