ಬೆಳೆ ಎಂಬ ಸುದ್ದಿ

ಇಸಳೂರು, ಶಿರಸಿ
೨೧ ಏಪ್ರಿಲ್ ೨೦೦೩

ನನ್ನ ತಂಗಿ ಕೂಸೆ ಪರಿಮಳಾ,

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ಬರೆಯಲು ಕೂತರೆ ಅಳು ಬರುತ್ತಿತ್ತು. ಇವತ್ತು ಸಿಟ್ಟು ಬಂದಿದೆ, ಹಾಗಾಗಿ ಬರೆಯಲಿಕ್ಕಾಯಿತು.

ಅಂಡಾಶಯದ ಗಡ್ಡೆ ಹೇಗೆ ಬೆಳೆಯುತ್ತದೆ ಎಂದು ಕೇಳಿದವಳು ನಾನೇ. ಪುಣೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಅದನ್ನೇ ನೋಡುತ್ತಿರುವವಳು ನೀನು, ಚೆನ್ನಾಗಿ ಬಿಡಿಸಿ ಬರೆದಿದ್ದೀಯ. ಜೀವಕೋಶದ ಹೊರಗೋಡೆಗೆ ‘ಬೆಳೆ’ ಎಂಬ ಸುದ್ದಿ ಬರುತ್ತದೆ. ಒಳಗಿನ ಕಣಗಳು ಒಂದರಿಂದ ಒಂದಕ್ಕೆ ಅದನ್ನು ದಾಟಿಸುತ್ತವೆ. ಕೆಲಸವಾದ ಮೇಲೆ ಸುದ್ದಿ ನಿಲ್ಲಬೇಕು. ನನ್ನಲ್ಲಿ ಯಾರೂ ಕಳಿಸದಿದ್ದರೂ ಸುದ್ದಿ ಹೊರಟುಬಿಟ್ಟಿದೆ, ನಿಲ್ಲಿಸುವವರಿಲ್ಲ. ನಮ್ಮೂರಿನ ಬಾಯಿಗಳ ಹಾಗೇ ಮಾರಾಯ್ತಿ.

ಇಲ್ಲೂ ಹಾಗೇ ಆಯಿತಲ್ಲ. ಮುಟ್ಟು ತಪ್ಪಿ, ಊಟ ಸೇರದೆ, ಹೊಟ್ಟೆ ಮುಂದೆ ಬಂದಾಗ ಅತ್ತೆ ಯಾವ ಡಾಕ್ಟರನ್ನೂ ಕೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಸೊಸೆ ಬಸುರಿ ಎಂದು ದಾಸನಕೊಪ್ಪದ ನಾದಿನಿಯವರೆಗೂ ಹೇಳಿ ಕಳಿಸಿದರು. ಬಸುರಿ ಬಾಯಿಗೆ ಹುಳಿ ಬೇಕು ಎಂದು ದಿನಾ ಮಾವಿನಕಾಯಿಯ ಅಪ್ಪೆಹುಳಿ ಮಾಡಿ ಬಡಿಸಿದರು. ನಾನೂ ನಂಬಿದೆ ಪರೀ. ಆಗ ಎಷ್ಟು ಖುಷಿಯಲ್ಲಿದ್ದೆ ಎಂದು ನಿನಗೂ ಬರೆಯಲಿಲ್ಲ, ದೃಷ್ಟಿಯಾದೀತು ಎಂದು. ಸ್ಕ್ಯಾನ್ ಮಾಡಿದರೆ ಅಲ್ಲಿ ನೀರು, ಗಡ್ಡೆ. ಮಗು ಇಲ್ಲ. ನಿನ್ನ ಭಾವ ಆ ಫಿಲ್ಮನ್ನು ತಿರುಗಿಸಿ ತಿರುಗಿಸಿ ನೋಡಿದರು, ಪಾಪ.

ಆಪರೇಶನ್‌ಗೆ ಒಪ್ಪಿದ್ದೇನೆ. ಗರ್ಭಕೋಶ, ಅಂಡಾಶಯ ಎಲ್ಲ ತೆಗೆಯುತ್ತಾರಂತೆ. ಬದುಕಬೇಕಿದ್ದರೆ ಬೇರೆ ದಾರಿಯಿಲ್ಲ ಎಂದಿದ್ದೀಯ. ತೆಗೆದದ್ದರಲ್ಲಿ ಒಂದು ಚೂರು ನಿಮ್ಮ ಲ್ಯಾಬಿಗೆ ಕೊಡಬಹುದೇ ಎಂದು ಹೆದರಿ ಹೆದರಿ ಕೇಳಿದ್ದೀಯ. ತಗೊ. ಆ ಸುದ್ದಿ ನಿಲ್ಲಿಸುವ ಮದ್ದು ಸಿಕ್ಕರೆ ಯಾರಿಗಾದರೂ ಆದೀತು. ನನಗೆ ಆಗುತ್ತದೆಯೇ ಎಂದು ಕೇಳುವುದಿಲ್ಲ, ನೀನು ಸುಳ್ಳು ಹೇಳಬೇಕಾಗುತ್ತದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಎಂದು ನಿನ್ನ ಕೈಗೆ ಕೊಡುವುದು ಇದೊಂದೇ ಆಯಿತಲ್ಲ, ಅದೇ ಬೇಜಾರು. ಇರಲಿ.

ಭಾನುವಾರ ಪುಣೆ ಬಸ್ಸಿಗೆ ಹೊರಡುತ್ತೇವೆ. ನನಗೆ ತುಂಬಾ ಹೆದರಿಕೆ ಆಗುತ್ತಿದೆ. ಸ್ಟ್ಯಾಂಡಿಗೆ ನೀನೇ ಬಾ, ಬೇರೆ ಯಾರನ್ನೂ ಕಳಿಸಬೇಡ. ಅತ್ತೆಗೆ ಮಾತ್ರ ಫೋನು ಮಾಡಬೇಡ.

ನಿನ್ನ ದಾರಿ ನೋಡುವ,
ಅಕ್ಕಯ್ಯ ನೀಲಾ

ತಾ.ಕ.: ಅತ್ತೆಗೆ ನಿಜ ಹೇಳಲು ನಿನ್ನ ಭಾವನಿಗೂ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ. ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ, ಹೆರಿಗೆಯವರೆಗೂ ತವರಲ್ಲಿ ಇರುತ್ತೇನೆ ಎಂದಿದ್ದೇವೆ. ಅಮ್ಮ ಹೋದ ಮೇಲೆ ನಿನ್ನ ಮನೆಯೇ ತವರಲ್ಲವೇ? ಇವತ್ತು ಅತ್ತೆ ತಮ್ಮ ಮೆತ್ತನೆಯ ಹಳೆ ಸೀರೆಗಳನ್ನು ಹರಿದು, ತೊಳೆದು, ಹುಟ್ಟುವ ಮಗುವಿಗೆ ಎಂದು ಮಡಚಿ ಕೊಟ್ಟರು. ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಬೇಡ ಎನ್ನಲಿಕ್ಕೆ ನನ್ನಿಂದ ಆಗಲಿಲ್ಲ.