ಫ್ಯಾನಿಗೆ ಅಪ್ಪನ ಮುತ್ತು

ಅಮ್ಮಾ,

ಬಾಡಿಗೆ ದೋಣಿ ಮುಳುಗಲಿಲ್ಲ. ಮುಳುಗಿದ್ದು ಅಪ್ಪನ ಮಾನ. ದೋಣಿ ಕಟ್ಟಿಹಾಕಿ, ಕಾಲುವೆ ದಂಡೆಯಲ್ಲಿ ಸೈಕಲ್ ತುಳಿಯುತ್ತ ಹೋಗಿ ಒಂದು ಪುಟ್ಟ ಹಳ್ಳಿಯಲ್ಲಿ ನಿಂತೆವು. ಇಬ್ಬರು ಅಜ್ಜಿಯರು ಕಬ್ಬಿಣದ ಗುಂಡು ಎಸೆಯುತ್ತ ಪೆಟಾಂಕ್ ಆಡುತ್ತಿದ್ದರು. ಅಪ್ಪ ಸುಮ್ಮನಿರಬೇಕಲ್ಲ! "ನಾವು ಮಾರ್ಸೇಯವರು ಕಣ್ರಮ್ಮಾ, ಗುಂಡು ಹಿಡ್ಕೊಂಡೇ ಹುಟ್ಟಿದೋರು. ಬನ್ನಿ, ಕಲಿಸ್ಕೊಡ್ತೀನಿ" ಅಂದ. ಅಜ್ಜಿಯರೇ ಹದಿಮೂರು–ಸೊನ್ನೆಯಲ್ಲಿ ಕಲಿಸಿಕೊಟ್ಟರು. ಅಪ್ಪನ ಕೊನೆಯ ಗುಂಡು ಕಾಲುವೆಯ ಬಾತುಗಳ ನಡುವೆ ಬಿತ್ತು.

ಈ ಆಟದಲ್ಲಿ ಸೊನ್ನೆಗೆ ಸೋತವನು ಚಿತ್ರದಲ್ಲಿರುವ ಫ್ಯಾನಿ ಅನ್ನೋ ಹೆಂಗಸಿನ ಬರಿ ಕುಂಡಿಗೆ ಮುತ್ತಿಡುವುದು ಎಲ್ಲ ಕಡೆಯೂ ನಿಯಮವೇ. ಇಲ್ಲಿನ ಕೆಫೆಯ ಗೋಡೆಯಲ್ಲಿ ಆ ಪುಣ್ಯಾತ್ಗಿತ್ತಿಯ ಚಿತ್ರವಿದೆ, ಪರದೆಯ ಹಿಂದೆ. ಒಬ್ಬ ಅಜ್ಜಿ ಗಂಟೆ ಬಾರಿಸಿ ಊರನ್ನೇ ಕರೆದಳು.

"ಮಂಡಿ ನೋವು, ಬಗ್ಗೋಕಾಗಲ್ಲ" ಅಂದ ಅಪ್ಪ.

"ಅಯ್ಯೋ ಪಾಪ! ಹಿಡ್ಕೊಂಡು ಬಗ್ಗಿಸ್ರೋ ಅವರನ್ನ" ಅಂದಳು ಅಜ್ಜಿ.

ಮುತ್ತು ಕೊಟ್ಟಾಯ್ತು. ಮಂಡಿ ಈಗ ಚೆನ್ನಾಗಿದೆ. ಮುಖ ಮಾತ್ರ ಇನ್ನೂ ಕೆಂಪಗಿದೆ, ಬಿಸಿಲಿಗೆ ಅಂತಾನೆ.

ನಿನಗೆ ಹೇಳಿದರೂ ಪರವಾಗಿಲ್ಲವಂತೆ. ಪ್ರತಿ ಭಾನುವಾರ ತನ್ನ ಕೈಲಿ ಸೋಲುವ ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಒನೊರೆಗೆ ಮಾತ್ರ ಸುಳಿವು ಹತ್ತಬಾರದಂತೆ.

ನಿನ್ನ ಸೊಲೇನ್

ಒನೊರೆ ಮಾಮ, ಓದಿ ಮುಗಿದ ಮೇಲೆ ಕಾರ್ಡನ್ನು ಅಮ್ಮನಿಗೆ ತಲುಪಿಸಿ.